ಪಹಣಿಯ ಕಾಲಂಗಳು: ಕಡತದಿಂದ ಡೇಟಾಬೇಸಿನವರೆಗೆ



ಈ ಸಲ ಪ್ರಧಾನ ಭಾಷಣಕ್ಕೆ ಊರಿನಿಂದ ಯಾರನ್ನೂ ಕರೆಸದೆ, ಇಲ್ಲೇ ದುಡಿಯುವ ಒಬ್ಬರು ತಮ್ಮ ಕೆಲಸದ ಬಗ್ಗೆ ಮಾತಾಡಲಿ ಎಂದು ಸಮಿತಿಯವರು ತೀರ್ಮಾನಿಸಿದರಂತೆ. ನನಗೆ ಫೋನ್ ಬಂದಾಗ ಹಿಂಜರಿದೆ. ನನ್ನ ಕೆಲಸ ಡೇಟಾಬೇಸಿನದು. ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟು ಟೇಬಲ್ಲುಗಳನ್ನು ಒಡೆಯುವುದು, ಜೋಡಿಸುವುದು, ಮತ್ತೆ ಒಡೆಯುವುದು, ಇಷ್ಟೇ ಮಾಡಿದ್ದೇನೆ. ಕನ್ನಡದ ಸಭೆಯಲ್ಲಿ ಇದರಲ್ಲಿ ಹೇಳುವುದೇನಿದೆ? ಆಮೇಲೆ ಯೋಚಿಸಿದೆ. ಈ ಸಭಾಂಗಣದಲ್ಲಿ ಕೂತಿರುವ ಅರ್ಧಕ್ಕರ್ಧ ಜನರ ಅನ್ನ ಈ ಟೇಬಲ್ಲುಗಳಿಂದಲೇ ಬರುತ್ತಿದೆ. ಉಳಿದರ್ಧ ಜನರ ಊರಿನ ಜಮೀನು ಯಾವುದೋ ಒಂದು ಟೇಬಲ್ಲಿನೊಳಗೆ ಕೂತಿದೆ. ಈ ಎರಡನ್ನೂ ಸೇರಿಸಿ ಒಂದು ಸಣ್ಣ ಚರಿತ್ರೆ ಹೇಳುತ್ತೇನೆ.

ನಾನು 1998ರಲ್ಲಿ ಬಂದವನು. ವೈ2ಕೆ ಕಾಲ. ಮೊದಲ ಕೆಲಸ ಒಂದು ಕಂಪನಿಯ ಬಿಲ್ಲಿಂಗ್ ವಿಭಾಗದಲ್ಲಿ. ಒಂದು ದಿನ ದೂರು ಬಂತು. ತೀರಿಕೊಂಡು ಎಂಟು ತಿಂಗಳಾದ ಗಿರಾಕಿಯೊಬ್ಬರ ಹೆಸರಿಗೆ ಬಿಲ್ ಹೋಗುತ್ತಲೇ ಇದೆ. ಅವರ ಹೆಂಡತಿ ಮೂರು ಸಲ ಫೋನ್ ಮಾಡಿದ್ದಾರೆ. ಮೂರು ಸಲವೂ ನಮ್ಮವರು ಸರಿಪಡಿಸಿದ್ದೇವೆ ಎಂದಿದ್ದಾರೆ. ಸುಳ್ಳಲ್ಲ, ಸರಿಪಡಿಸಿದ್ದರು. ಆದರೆ ಗಿರಾಕಿಯ ಹೆಸರು, ವಿಳಾಸ ನಾಲ್ಕು ಟೇಬಲ್ಲುಗಳಲ್ಲಿ ಬೇರೆಬೇರೆಯಾಗಿ ಕೂತಿದ್ದವು. ತಿದ್ದಿದ್ದು ಒಂದರಲ್ಲಿ. ಬಿಲ್ ಅಚ್ಚಾಗುತ್ತಿದ್ದುದು ಇನ್ನೊಂದರಿಂದ. ನಾರ್ಮಲೈಸೇಷನ್ ಎಂಬ ಪಾಠವನ್ನು ಕಾಲೇಜಿನಲ್ಲಿ ಪರೀಕ್ಷೆಗೆ ಓದಿದ್ದೆ. ಅದು ಯಾಕೆ ಬೇಕು ಅನ್ನುವುದು ಆ ಹೆಂಗಸಿನ ದೂರು ಓದಿದಾಗ ತಿಳಿಯಿತು. ಅವತ್ತೇ ನೆನಪಾದದ್ದು ನಮ್ಮ ತಾತ. ಅವರು 1986ರಲ್ಲಿ ತೀರಿಕೊಂಡರು. ಆದರೆ ಪಹಣಿಯಲ್ಲಿ ಆಗಲೂ ಬದುಕಿದ್ದರು.

ಕಡತ ಮತ್ತು ಚಕ್ಕುಬಂದಿ

ಕಂಪ್ಯೂಟರಿನ ಫೈಲಿಗೆ ನಾವು ಕನ್ನಡದಲ್ಲಿ ‘ಕಡತ’ ಅನ್ನುತ್ತೇವೆ. ಕಚೇರಿಯ ಫೈಲಿಗೂ ಅದೇ ಮಾತು. ಮೂಲದಲ್ಲಿ ಕಡತ ಅಂದರೆ ಬಟ್ಟೆಯ ಪುಸ್ತಕ. ಉದ್ದನೆಯ ಬಟ್ಟೆಗೆ ಅಂಟು, ಇದ್ದಿಲ ಪುಡಿ ಸೇರಿಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿಟ್ಟು, ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಬೇಕಾದಾಗ ಅಳಿಸಿ ಮತ್ತೆ ಬರೆಯಬಹುದಿತ್ತು. ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಹೊರಬಂದ ತನ್ನ ಇತಿಹಾಸದ ಪುಸ್ತಕದಲ್ಲಿ ಇದನ್ನು ಅಚ್ಚರಿಯಿಂದ ವರ್ಣಿಸಿದ್ದಾನೆ. ಶೃಂಗೇರಿ ಮಠದಲ್ಲಿ ಇಂಥ ಕಡತಗಳು ಇವತ್ತಿಗೂ ಉಳಿದಿವೆ. ಶಾನುಭೋಗರ ಲೆಕ್ಕ ಇದ್ದದ್ದು ಇದರಲ್ಲೇ. ಬರೆದು ಅಳಿಸಿ ಮತ್ತೆ ಬರೆಯುವ ಸಂಗ್ರಹ ಅನ್ನುವುದು ನಮಗೆ ಹೊಸದಲ್ಲ ಅಂತ ಇಷ್ಟು ಹೇಳಿದೆ.

ಆ ಕಾಲದಲ್ಲಿ ಒಂದು ಹೊಲವನ್ನು ಗುರುತಿಸುತ್ತಿದ್ದುದು ಹೇಗೆ? ನಾಲ್ಕು ಎಲ್ಲೆಗಳಿಂದ. ಶಾಸನಗಳಲ್ಲಿ ಚತುಸ್ಸೀಮೆ ಅನ್ನುತ್ತಾರೆ, ಪತ್ರಗಳಲ್ಲಿ ಚಕ್ಕುಬಂದಿ. ಮೂಡಲಿಗೆ ಇಂಥವರ ಗದ್ದೆ, ಪಡುವಲಿಗೆ ಹಳ್ಳ, ತೆಂಕಲಿಗೆ ಹುಣಸೆಮರ, ಬಡಗಲಿಗೆ ಊರ ದಾರಿ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಪಕ್ಕದ ಗದ್ದೆಯವನು ಸತ್ತರೆ ನನ್ನ ಹೊಲದ ಗುರುತೂ ಬದಲಾಗುತ್ತದೆ. ಮರ ಬಿದ್ದರೆ ವ್ಯಾಜ್ಯ. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಬದಲಾಗುವ ಸಂಗತಿಯನ್ನು ಕೀ ಮಾಡಿಕೊಂಡಿದ್ದರು.

ನಾವು ಕೂತಿರುವ ಈ ನೆಲದ ಕಥೆಯೂ ಇದೇ. 1834ರಲ್ಲಿ ಮೆಕ್ಸಿಕನ್ ಗವರ್ನರ್ ಹೊಸೆ ಫಿಗೆರೋವಾ ಈ ಕಣಿವೆಯ ಹದಿನಾರು ಸಾವಿರ ಎಕರೆಗೂ ಹೆಚ್ಚು ನೆಲವನ್ನು ಹೊಸೆ ಮರೀಯಾ ಅಮಡೋರ್ ಎಂಬಾತನಿಗೆ ಕೊಟ್ಟ. ಅದೇ ರಾಂಚೋ ಸ್ಯಾನ್ ರಮೋನ್. ಅಂಥ ದಾನಗಳಿಗೆ ದಾಖಲೆ ಅಂದರೆ ‘ದಿಸೇನ್ಯೊ’ ಎಂಬ ಕೈಬರಹದ ನಕ್ಷೆ: ಇಲ್ಲೊಂದು ತೊರೆ, ಅಲ್ಲೊಂದು ಗುಡ್ಡ, ಆಚೆಗೊಂದು ಓಕ್ ಮರ. ಅಮೆರಿಕ ಕ್ಯಾಲಿಫೋರ್ನಿಯಾವನ್ನು ತೆಗೆದುಕೊಂಡ ಮೇಲೆ 1851ರ ಭೂ ಕಾಯಿದೆ ಬಂತು. ನೆಲ ನಿಮ್ಮದು ಅನ್ನುವುದನ್ನು ಕಮಿಷನ್ ಮುಂದೆ ನೀವೇ ಸಾಬೀತು ಮಾಡಿ ಎಂದಿತು. 813 ಅರ್ಜಿಗಳು ಬಂದವು. ವರ್ಷಗಟ್ಟಲೆ ನಡೆದ ಮೊಕದ್ದಮೆಯಲ್ಲಿ ಗೆದ್ದವರೂ ವಕೀಲರ ಫೀಸಿಗೆ ನೆಲ ಮಾರಬೇಕಾಯಿತು. ಅವರೆಲ್ಲರಿಗಿಂತ ಮೊದಲು ಇಲ್ಲಿದ್ದ ಬೇ ಮಿವೋಕ್, ಓಹ್ಲೋನಿ ಜನರ ಹೆಸರು ಆ ಅರ್ಜಿಗಳ ಕಾಲಂಗಳಲ್ಲಿ ಬಹುಮಟ್ಟಿಗೆ ಬರಲೇ ಇಲ್ಲ. ಈ ಮಾತನ್ನು ಇಲ್ಲಿ ಇಟ್ಟುಕೊಳ್ಳಿ, ಮತ್ತೆ ಇದಕ್ಕೇ ಬರುತ್ತೇನೆ.

ನಮ್ಮ ಕಡೆ ಆ ಹೊತ್ತಿಗೆ ಸರ್ವೆ ಶುರುವಾಗಿತ್ತು. ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು 1830ರ ದಶಕದಿಂದ ಮುಂಬಯಿ ಪ್ರಾಂತದಲ್ಲಿ ಬೆಳೆಸಿದ ಪದ್ಧತಿ ಧಾರವಾಡ ಸೀಮೆಗೆ ಬಂತು. 1863ರಲ್ಲಿ ಮೈಸೂರು ಸಂಸ್ಥಾನವೂ ಅದನ್ನೇ ತೆಗೆದುಕೊಂಡಿತು. 33 ಅಡಿಯ ಸರಪಳಿ. ಆ ಸರಪಳಿ ಉದ್ದ, ಆ ಸರಪಳಿ ಅಗಲ ಇದ್ದರೆ ಒಂದು ಗುಂಟೆ, 1089 ಚದರಡಿ. ಅಂಥ 40 ಗುಂಟೆ ಸೇರಿದರೆ ಎಕರೆ. ಹೊಲದ ಮೂಲೆಗೆ ಕಲ್ಲು ನೆಟ್ಟು, ಪ್ರತಿ ಹೊಲಕ್ಕೂ ಒಂದು ಸರ್ವೆ ನಂಬರು ಕೊಟ್ಟರು. ಆ ನಂಬರಿಗೆ ಸ್ವಂತ ಅರ್ಥವಿಲ್ಲ. ಅದೇ ಅದರ ಬಲ. ಒಡೆಯ ಬದಲಾದರೂ ನಂಬರು ಬದಲಾಗದು. ಹೊಲ ಭಾಗವಾದರೆ 45 ಇದ್ದದ್ದು 45/1, 45/2 ಎಂದು ಹಿಸ್ಸಾ ಆಗುತ್ತದೆ. ಇಂಥ ಅರ್ಥವಿಲ್ಲದ ಗುರುತನ್ನು ನಾವು ‘ಸರೊಗೇಟ್ ಕೀ’ ಅನ್ನುತ್ತೇವೆ. ಮೈಸೂರಿನ ಅಮೀನರು, ಮೋಜಣಿದಾರರು ಬಿಸಿಲಲ್ಲಿ ಸರಪಳಿ ಎಳೆದುಕೊಂಡು ಹೋಗಿ ಅದನ್ನು ನೆಲದ ಮೇಲೇ ಬರೆದರು.

ಸ್ಯಾನ್ ಹೋಸೆಯ ಕಾಡ್

ಈಗ ಇಲ್ಲಿಂದ 680 ಹಿಡಿದು ದಕ್ಷಿಣಕ್ಕೆ ಹೋಗೋಣ. ಟ್ರಾಫಿಕ್ ಇಲ್ಲದಿದ್ದರೆ ಗಂಟೆಯೊಳಗಿನ ಹಾದಿ. ಸ್ಯಾನ್ ಹೋಸೆಯ ಐಬಿಎಂ ಸಂಶೋಧನಾ ಕೇಂದ್ರದಲ್ಲಿ ಎಡ್ಗರ್ ಕಾಡ್ ಎಂಬ ಗಣಿತಜ್ಞರಿದ್ದರು. 1923ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು, ಎರಡನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವರು, ವಲಸಿಗರು. ಅಮೆರಿಕದಲ್ಲಿ ಮೆಕಾರ್ತಿಯ ಕಮ್ಯುನಿಸ್ಟ್ ಬೇಟೆ ಶುರುವಾದಾಗ ಬೇಸತ್ತು ಕೆನಡಾಕ್ಕೆ ಹೋಗಿ, ಕೆಲವು ವರ್ಷಗಳ ಮೇಲೆ ಮರಳಿದವರು. 1970ರ ಜೂನ್‌ನಲ್ಲಿ ಅವರ ಒಂದು ಲೇಖನ ಪ್ರಕಟವಾಯಿತು. ಇವತ್ತು ನಮ್ಮಲ್ಲಿ ಎಷ್ಟೋ ಜನ ಉಣ್ಣುವ ಅನ್ನದ ಬೀಜ ಅದು.

ಆಗ ದೊಡ್ಡ ಕಂಪ್ಯೂಟರುಗಳಲ್ಲಿ ಮಾಹಿತಿ ಇರುತ್ತಿದ್ದುದು ಮರದ ಆಕಾರದಲ್ಲಿ. ಚಂದ್ರಯಾನಕ್ಕಾಗಿ ತಯಾರಾದ ಐಬಿಎಂನ ಐಎಂಎಸ್ ಅಂಥದ್ದು. ಬೇರಿನಿಂದ ಕೊಂಬೆ, ಕೊಂಬೆಯಿಂದ ರೆಂಬೆ. ಏನು ಬೇಕಾದರೂ ದಾರಿ ಗೊತ್ತಿರುವ ಪ್ರೋಗ್ರಾಮರನನ್ನೇ ಕೇಳಬೇಕು. ನಮ್ಮ ಶಾನುಭೋಗರ ಹಾಗೆ: ಲೆಕ್ಕ ಎಲ್ಲಿದೆ ಅನ್ನುವುದು ಅವರೊಬ್ಬರಿಗೇ ಗೊತ್ತು. ಕಾಡ್ ಹೇಳಿದ್ದು, ದಾರಿ ಬೇಡ. ಎಲ್ಲವನ್ನೂ ಸಾಲು–ಕಾಲಂಗಳ ಸರಳ ಟೇಬಲ್ಲುಗಳಲ್ಲಿ ಇಡಿ, ಏನು ಬೇಕು ಅಂತ ಹೇಳಿ ಸಾಕು, ಹೇಗೆ ಹುಡುಕಬೇಕು ಅನ್ನುವುದು ಯಂತ್ರದ ಪಾಡು. 1971ರಲ್ಲಿ ಮುಂದುವರಿದು, ಟೇಬಲ್ಲನ್ನು ಯಾವ ನಿಯಮದಿಂದ ಒಡೆಯಬೇಕು ಎಂದು ಎರಡನೆಯ, ಮೂರನೆಯ ನಾರ್ಮಲ್ ಫಾರಂಗಳನ್ನು ವಿವರಿಸಿದರು.

ಅವರ ಸ್ವಂತ ಕಂಪನಿ ಇದನ್ನು ನಿಧಾನಕ್ಕೆ ಒಪ್ಪಿಕೊಂಡಿತು. ಐಎಂಎಸ್ ಚೆನ್ನಾಗಿ ಮಾರಾಟವಾಗುತ್ತಿತ್ತಲ್ಲ. ಸ್ಯಾನ್ ಹೋಸೆಯಲ್ಲಿ ಸಿಸ್ಟಂ ಆರ್ ಎಂಬ ಪ್ರಯೋಗ ನಡೆಯಿತು. ಬರ್ಕ್ಲಿಯಲ್ಲಿ ಸ್ಟೋನ್‌ಬ್ರೇಕರ್ ಮತ್ತು ವಾಂಗ್ ಇಂಗ್ರೆಸ್ ಕಟ್ಟಿದರು. ಪ್ರಕಟವಾದ ಲೇಖನಗಳನ್ನು ಓದಿಕೊಂಡು ಲ್ಯಾರಿ ಎಲಿಸನ್ ಮತ್ತು ಇಬ್ಬರು ಗೆಳೆಯರು 1977ರಲ್ಲಿ ಕಂಪನಿ ತೆರೆದು, 1979ರಲ್ಲಿ ಆರಕಲ್ ಮಾರಾಟಕ್ಕಿಟ್ಟರು. ಎಲ್ಲವೂ ಈ ಕೊಲ್ಲಿಯ ಸುತ್ತಮುತ್ತಲೇ. ಕಾಡ್ ಅವರಿಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು.

ಪಹಣಿಯನ್ನು ಒಡೆದು ನೋಡಿದರೆ

ಈ ನಿಯಮಗಳನ್ನು ಪುಸ್ತಕಗಳಲ್ಲಿ ವಿದ್ಯಾರ್ಥಿ–ಕೋರ್ಸು, ಗಿರಾಕಿ–ಆರ್ಡರು ಎಂದು ಕಲಿಸುತ್ತಾರೆ. ನಾನು ಪಹಣಿ ಇಟ್ಟುಕೊಂಡು ಹೇಳುತ್ತೇನೆ. ಹಳೇ ಮೈಸೂರಿನವರಿಗೆ ಪಹಣಿ, ಹುಬ್ಬಳ್ಳಿ–ಧಾರವಾಡದವರಿಗೆ ಉತಾರ, ಮಂಗಳೂರು ಕಡೆಯವರಿಗೆ ಆರ್‌ಟಿಸಿ. ಏಕೀಕರಣವಾದಾಗ ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು, ಹೀಗೆ ಐದು ಕಡೆಯ ಕಂದಾಯ ಪದ್ಧತಿಗಳು ಒಂದೇ ರಾಜ್ಯಕ್ಕೆ ಬಂದಿದ್ದವು. 1964ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಭೂ ಕಂದಾಯ ಕಾಯಿದೆ ಅವುಗಳನ್ನು ಒಂದು ಮಾಡಿತು. ಹಕ್ಕು, ಗೇಣಿ, ಬೆಳೆ ಮೂರನ್ನೂ ಒಂದೇ ಹಾಳೆಯಲ್ಲಿ ತೋರಿಸುವ ಪಹಣಿ ಹೀಗೆ ಬಂತು.

ಒಂದೇ ಹಾಳೆ ಓದುವವರಿಗೆ ಅನುಕೂಲ. ಬರೆದಿಡುವವರಿಗೆ? ನೋಡೋಣ.

ಮೊದಲ ನಿಯಮ: ಒಂದು ಮನೆಯಲ್ಲಿ ಒಂದೇ ಸಂಗತಿ ಇರಬೇಕು. ಪಹಣಿಯ 9ನೇ ಕಾಲಂ ಸ್ವಾಧೀನದಾರರದು. ಅಲ್ಲಿ ‘ಸಿದ್ದೇಗೌಡ ಬಿನ್ ಕಾಳೇಗೌಡ ಮತ್ತು ಸಹೋದರರು’ ಎಂದು ಬರೆದುಬಿಟ್ಟರೆ ಸಹೋದರರು ಎಷ್ಟು ಜನ, ಯಾರಿಗೆ ಎಷ್ಟು ಗುಂಟೆ, ಏನೂ ತಿಳಿಯದು. ನಾಳೆ ಒಬ್ಬ ತಮ್ಮ ಸಾಲಕ್ಕೆ ಬ್ಯಾಂಕಿಗೆ ಹೋದರೆ ಅವನ ಹೆಸರೇ ಎಲ್ಲೂ ಇಲ್ಲ.

ಎರಡನೆಯದು: ಸಂಗತಿ ಪೂರ್ತಿ ಕೀಯನ್ನು ಅವಲಂಬಿಸಿರಬೇಕು, ಅರ್ಧವನ್ನಲ್ಲ. ಈ ಹೊಲದಲ್ಲಿ ಯಾವ ಬೆಳೆ ಎಂದು ಹೇಳಬೇಕಾದರೆ ಸರ್ವೆ ನಂಬರು, ಹಿಸ್ಸಾ, ವರ್ಷ, ಹಂಗಾಮು ನಾಲ್ಕೂ ಬೇಕು. ಮುಂಗಾರಿಗೆ ರಾಗಿ, ಹಿಂಗಾರಿಗೆ ಹುರುಳಿ. ಆದರೆ ಹೊಲದ ವಿಸ್ತೀರ್ಣಕ್ಕೆ ವರ್ಷವೂ ಬೇಡ, ಹಂಗಾಮೂ ಬೇಡ. ಎರಡು ಎಕರೆ ಹತ್ತು ಗುಂಟೆ ಎಂಬುದನ್ನು ಪ್ರತಿ ವರ್ಷದ ಪುಸ್ತಕಕ್ಕೂ ನಕಲು ಮಾಡುತ್ತಾ ಹೋದರೆ, ಯಾವುದೋ ಒಂದು ವರ್ಷ ಹತ್ತು ಗುಂಟೆ ಒಂದು ಗುಂಟೆಯಾಗುತ್ತದೆ. ಆಮೇಲಿನವರು ಆ ಒಂದನ್ನೇ ನಕಲು ಮಾಡುತ್ತಾರೆ. ಪಹಣಿಯಲ್ಲಿರುವ ವಿಸ್ತೀರ್ಣವೇ ಬೇರೆ, ಆಕಾರಬಂದಿನಲ್ಲಿರುವುದೇ ಬೇರೆ ಅನ್ನುವ ತಕರಾರು ನಮ್ಮೂರುಗಳಲ್ಲಿ ಇಷ್ಟೊಂದು ಇರುವುದು ಇದಕ್ಕೇ.

ಮೂರನೆಯದು: ಸಂಗತಿ ಕೀಯನ್ನು ಬಿಟ್ಟು ಬೇರೆ ಸಂಗತಿಯನ್ನು ಅವಲಂಬಿಸಬಾರದು. ಖಾತೆದಾರನ ತಂದೆಯ ಹೆಸರು, ವಾಸದ ಊರು ಅವನಿಗೆ ಸೇರಿದ್ದು, ಹೊಲಕ್ಕಲ್ಲ. ಅವನಿಗೆ ಆರು ಕಡೆ ಹೊಲವಿದ್ದರೆ ಆರು ಕಡೆಯೂ ಅದನ್ನೇ ಬರೆಯಬೇಕು. ತಿದ್ದುವುದಾದರೆ ಆರು ಕಡೆ ತಿದ್ದಬೇಕು. ಒಂದು ಕಡೆ ಸಿದ್ದೇಗೌಡ, ಇನ್ನೊಂದು ಕಡೆ ಸಿದ್ಧೇಗೌಡ, ಮತ್ತೊಂದು ಕಡೆ ಸಿದ್ದಪ್ಪಗೌಡ. ಮನುಷ್ಯ ಒಬ್ಬನೇ. ಕಂಪ್ಯೂಟರಿಗೆ ಮೂವರು.

ಆಮೇಲೆ ನಾಲ್ಕನೆಯದೂ ಉಂಟು, 1977ರಲ್ಲಿ ಐಬಿಎಂನವರೇ ಆದ ರೊನಾಲ್ಡ್ ಫೇಗಿನ್ ಹೇಳಿದ್ದು. ಒಂದು ಹೊಲಕ್ಕೆ ಮೂವರು ಒಡೆಯರು, ಹೊಲದ ಮೇಲೆ ಎರಡು ಋಣ. ಒಡೆಯರು 9ನೇ ಕಾಲಂ, ಋಣ 11ನೇ ಕಾಲಂ. ಒಂದಕ್ಕೊಂದು ಸಂಬಂಧವಿಲ್ಲದಿದ್ದರೂ ಎರಡನ್ನೂ ಒಂದೇ ಟೇಬಲ್ಲಿಗೆ ತುರುಕಿದರೆ ಆರು ಸಾಲು ಬೇಕು. ಒಂದು ಸಾಲು ಬಿಟ್ಟುಹೋದರೆ, ತಾನು ಮಾಡದ ಸಾಲ ಯಾರ ತಲೆಗೋ ಕಟ್ಟಿದ ಹಾಗೆ ಕಾಣುತ್ತದೆ.

ಕೋರ್ಟಿನ ಪ್ರಮಾಣವಚನದ ಧಾಟಿಯಲ್ಲಿ, ಕೀ ಬಗ್ಗೆ ಸತ್ಯವನ್ನೇ ಹೇಳುತ್ತೇನೆ ಎಂಬಂತೆ ಈ ನಿಯಮಗಳನ್ನು ಕಂಠಪಾಠ ಮಾಡುವ ತಮಾಷೆ ನಮ್ಮ ಕಸುಬಿನಲ್ಲಿ ಹಳೆಯದು. ಸಾಕ್ಷಿಯ ಮಾತು ತಮಾಷೆಗೆ ಬಂದರೂ ಸರಿಯಾಗಿಯೇ ಬಂದಿದೆ.

ಇನ್ನೊಂದು ಸ್ವಾರಸ್ಯ. ನಮ್ಮ ಕಂದಾಯದವರು ಈ ಒಡೆಯುವ ಕೆಲಸವನ್ನು ಕಾಡ್‌ಗಿಂತ ನೂರು ವರ್ಷ ಮೊದಲೇ ಬಹುಪಾಲು ಮಾಡಿದ್ದರು. ಸರ್ವೆ ನಂಬರು, ವಿಸ್ತೀರ್ಣ, ಖರಾಬು, ಕಂದಾಯ ಇವಿಷ್ಟಕ್ಕೆ ಆಕಾರಬಂದ್. ಯಾರ ಖಾತೆಯಲ್ಲಿ ಯಾವ ಯಾವ ಹೊಲ ಅನ್ನುವುದಕ್ಕೆ ಖಾತೆ ಪುಸ್ತಕ. ಹಕ್ಕು ಯಾವಾಗ, ಹೇಗೆ ಕೈ ಬದಲಾಯಿತು ಅನ್ನುವುದಕ್ಕೆ ಮ್ಯುಟೇಷನ್ ರಿಜಿಸ್ಟರ್. ಆಕಾರಕ್ಕೆ ಟಿಪ್ಪಣಿ, ನಕ್ಷೆ. ಬೇರೆಬೇರೆ ಸಂಗತಿಗೆ ಬೇರೆಬೇರೆ ಪುಸ್ತಕ, ನಡುವೆ ಸರ್ವೆ ನಂಬರಿನ ದಾರ. ಪಹಣಿ ಅಂದರೆ ಆ ಪುಸ್ತಕಗಳಿಂದ ರೈತನ ಕಣ್ಣಿಗಾಗಿ ಹೆಕ್ಕಿ ಜೋಡಿಸಿದ ಒಂದು ನೋಟ. ನಾವು ‘ವ್ಯೂ’ ಅನ್ನುವುದು ಅದನ್ನೇ. ತೊಂದರೆ ಶುರುವಾದದ್ದು ಆ ನೋಟವನ್ನೇ ಮೂಲ ಎಂದುಕೊಂಡು, ಅದರ ಮೇಲೇ ತಿದ್ದುತ್ತಾ ಹೋದಾಗ.

ಹನ್ನೆರಡನೇ ಕಾಲಂ

ಕಾಲಂ ಅಂದರೆ ಬರೀ ಗೆರೆ ಎಂದುಕೊಳ್ಳಬೇಡಿ. ಪಹಣಿಯ 12ನೇ ಕಾಲಂ ಉಳುವವನದು. ಒಡೆಯ ಯಾರಾದರೂ ಇರಲಿ, ಈ ವರ್ಷ ನಿಜವಾಗಿ ನೇಗಿಲು ಹಿಡಿದವನು ಯಾರು ಎಂದು ಅಲ್ಲಿ ಬರೆಯಬೇಕು. ಕಾಯಿದೆಯ 133ನೇ ಕಲಂ ಪ್ರಕಾರ, ಸುಳ್ಳೆಂದು ಸಾಬೀತಾಗುವ ತನಕ ಹಕ್ಕುದಾಖಲೆಯಲ್ಲಿ ಬರೆದದ್ದೇ ನಿಜ.

1974ರ ಮಾರ್ಚ್ 1ರಂದು ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂತು. ಗೇಣಿಗೆ ಕೊಟ್ಟ ಭೂಮಿ ಸರ್ಕಾರಕ್ಕೆ ಸೇರಿತು; ಉಳುವವರು 7ನೇ ನಮೂನೆಯಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಳಿಯಿಂದ ಹಕ್ಕು ಪಡೆಯಬೇಕಿತ್ತು. ಮೊದಮೊದಲು ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಮಂಡಳಿಯ ಮುಂದೆ ಮೊದಲ ಪ್ರಶ್ನೆ, ಪಹಣಿಯಲ್ಲಿ ನಿನ್ನ ಹೆಸರು ಇದೆಯೇ? ಹೆಸರಿದ್ದವನ ದಾರಿ ಸಲೀಸು. ಮೂವತ್ತು ವರ್ಷ ಉತ್ತಿದ್ದರೂ ಬಾಯಿಮಾತಿನ ಗೇಣಿಯಾಗಿದ್ದರೆ, ಒಡೆಯರು ಆ ಕಾಲಂನಲ್ಲಿ ‘ಸ್ವಂತ’ ಎಂದೇ ಬರೆಸಿದ್ದರೆ, ಅವನು ಸಾಕ್ಷಿಗಳನ್ನು ಹುಡುಕಿಕೊಂಡು ಅಲೆಯಬೇಕಾಯಿತು. ಗಂಡನ ಜೊತೆ ನಾಟಿ ಹಾಕಿದ, ಕಳೆ ಕಿತ್ತ ಹೆಂಗಸಿನ ಹೆಸರಂತೂ ಬಹುಮಟ್ಟಿಗೆ ಬರೆಯುವ ಪದ್ಧತಿಯೇ ಇರಲಿಲ್ಲ.

ಅದೇ 1974ರಲ್ಲಿ ಸ್ಯಾನ್ ಹೋಸೆಯಲ್ಲಿ ಕಾಡ್ ಮತ್ತು ರೇಮಂಡ್ ಬಾಯ್ಸ್ ಮೂರನೆಯ ನಿಯಮವನ್ನು ಇನ್ನೂ ಬಿಗಿ ಮಾಡಿದರು. ಬಾಯ್ಸ್ ಆ ವರ್ಷವೇ, ಮೂವತ್ತು ತುಂಬುವ ಮೊದಲೇ ತೀರಿಕೊಂಡರು. ಹೆಸರು ನಿಯಮದಲ್ಲಿ ಉಳಿಯಿತು. ಎರಡು ಊರುಗಳಿಗೂ ಪರಸ್ಪರ ಸುದ್ದಿಯೇ ಇಲ್ಲ. ಕೆಲಸ ಮಾತ್ರ ಒಂದೇ: ಯಾವ ಸಂಗತಿ ಯಾರಿಗೆ ಸೇರಿದ್ದು ಎಂದು ತೀರ್ಮಾನಿಸುವುದು.

ಭೂಮಿ

ಕೈಬರಹದ ಕಾಲದ ಕಷ್ಟ ನಿಮಗೆ ನೆನಪಿರಬಹುದು. 1963ರಲ್ಲಿ ವಂಶಪಾರಂಪರ್ಯದ ಶಾನುಭೋಗಿಕೆ ಹೋಗಿ ಗ್ರಾಮ ಲೆಕ್ಕಿಗರು ಬಂದರು. ರಾಜ್ಯದಲ್ಲಿ ಸುಮಾರು ಒಂಬತ್ತು ಸಾವಿರ ಜನ; ಒಬ್ಬೊಬ್ಬರ ಕೈಯಲ್ಲಿ ಮೂರು ನಾಲ್ಕು ಹಳ್ಳಿ. ಪುಸ್ತಕವೂ ಅವರ ಬಳಿ, ಲೇಖನಿಯೂ ಅವರ ಬಳಿ. ಒಂದು ನಕಲಿಗೆ ವಾರಗಟ್ಟಲೆ ಅಲೆದಾಟ, ಕೈಬಿಸಿ. ಕೇಂದ್ರದ ಯೋಜನೆಯಲ್ಲಿ 1991ರಲ್ಲಿ ಗುಲ್ಬರ್ಗದಲ್ಲಿ ಪ್ರಯೋಗ ಶುರುವಾಯಿತು. ಆಮೇಲೆ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ಎನ್‌ಐಸಿಯವರು ಬರೆದ ತಂತ್ರಾಂಶದೊಂದಿಗೆ ‘ಭೂಮಿ’ ಯೋಜನೆ 177 ತಾಲ್ಲೂಕುಗಳಿಗೂ ಹರಡಿತು. ಸುಮಾರು ಎರಡು ಕೋಟಿ ಪಹಣಿ, 67 ಲಕ್ಷ ಹಿಡುವಳಿದಾರರು, ಎಲ್ಲವೂ ಕನ್ನಡದಲ್ಲೇ. ಆಗ 15 ರೂಪಾಯಿಗೆ ಪಹಣಿ ಸಿಗುತ್ತಿತ್ತು. ಕಿಯೋಸ್ಕಿನಲ್ಲಿ ಒಂದು ಪರದೆ ನೌಕರನಿಗೆ, ಇನ್ನೊಂದು ರೈತನ ಕಡೆಗೆ ತಿರುಗಿಸಿದ್ದು. ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಮಾಡಿದ್ದು ನಾನಲ್ಲ ಅನ್ನುವಂತಿಲ್ಲ. ಮೊದಲು ಬಂದ ಅರ್ಜಿ ಮೊದಲು. ಸರದಿ ದಾಟಿಸಲು ಯಂತ್ರ ಬಿಡುವುದಿಲ್ಲ. ಕೈಬರಹದ ಪಹಣಿಗೆ ಬೆಲೆ ಇಲ್ಲ ಎಂದು ಸರ್ಕಾರ ಸಾರಿದ ಮೇಲೆ ಹಿಂದಕ್ಕೆ ಹೋಗುವ ದಾರಿಯೂ ಮುಚ್ಚಿತು.

ಇದು ದೊಡ್ಡ ಕೆಲಸ. ಹೆಮ್ಮೆಯಿಂದ ಹೇಳುವಂಥದ್ದು. ಆದರೂ ಡೇಟಾಬೇಸಿನವನಾಗಿ ಎರಡು ಮಾತು ಹೇಳಲೇಬೇಕು.

ಒಂದು, ಸಂಗತಿಯನ್ನು ಒಂದೇ ಕಡೆ ಇಟ್ಟರೆ ಅದು ಸರಿಯಾಗಿದೆ ಎಂದಲ್ಲ. ನಾಲ್ಕು ಕಡೆ ಬರೆದಿದ್ದಾಗ ಒಂದಕ್ಕೊಂದು ತಾಳೆಯಾಗದೆ ತಪ್ಪು ಬಯಲಾಗುತ್ತಿತ್ತು. ಒಂದೇ ಕಡೆ ಬರೆದ ತಪ್ಪು ಎಲ್ಲ ಕಡೆಯೂ ಅಚ್ಚುಕಟ್ಟಾಗಿ ಅಚ್ಚಾಗುತ್ತದೆ. ಕೈಬರಹದಿಂದ ಯಂತ್ರಕ್ಕೆ ತುಂಬುವಾಗ ಬಿಟ್ಟುಹೋದ ಗುಂಟೆ, ಬದಲಾದ ಅಕ್ಷರವನ್ನು ತಿದ್ದಿಸಲು ಜನ ಇಂದಿಗೂ ತಾಲ್ಲೂಕು ಕಚೇರಿಗೆ, ಉಪವಿಭಾಗಾಧಿಕಾರಿಗಳ ಕಚೇರಿಗೆ ಅಲೆಯುತ್ತಿದ್ದಾರೆ. ಸಾಲಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬೆಂಗಳೂರಿನ ಸುತ್ತಲಿನ ಹಳ್ಳಿಗಳನ್ನು ನೋಡಿ, ಹಳ್ಳಿಯ ನಾನಾ ಬಗೆಯ ಹಕ್ಕುಗಳನ್ನು ಒಂದೇ ಅಚ್ಚಿಗೆ ತಂದು ತಾಲ್ಲೂಕಿನಲ್ಲಿ ಸೇರಿಸಿದ್ದು ಸಣ್ಣ ರೈತನಿಗಿಂತ ದೊಡ್ಡ ಭೂವ್ಯವಹಾರದವರಿಗೇ ಹೆಚ್ಚು ಅನುಕೂಲವಾಯಿತು ಎಂದು ವಾದಿಸಿದರು. ಪೂರ್ತಿ ಒಪ್ಪಬೇಕಿಲ್ಲ. ಆದರೆ ಅವರ ಪ್ರಶ್ನೆ ಸರಿಯಾದದ್ದು: ಕಾಲಂಗಳನ್ನು ನಿಶ್ಚಯ ಮಾಡುವವರು ಯಾರು?

ಎರಡು, ಹೊಲಕ್ಕೆ ಕೀ ಇತ್ತು, ಮನುಷ್ಯನಿಗೆ ಇರಲಿಲ್ಲ. ಹೊಲಕ್ಕೆ 1863ರ ಸರ್ವೆಯಿಂದಲೇ ನಂಬರಿದೆ. ಒಡೆಯ ಮಾತ್ರ ಬರೀ ಹೆಸರು. ‘ಬಿನ್’ ಅಂದರೆ ಮಗ, ‘ಕೋಂ’ ಅಂದರೆ ಹೆಂಡತಿ, ಅಷ್ಟೇ ಗುರುತು. ಇತ್ತೀಚೆಗೆ ‘ಫ್ರೂಟ್ಸ್’ ಬಂದು ಪ್ರತಿ ರೈತನಿಗೆ ಒಂದು ಗುರುತಿನ ಸಂಖ್ಯೆ ಕೊಟ್ಟು ಅವನ ಸರ್ವೆ ನಂಬರುಗಳನ್ನೆಲ್ಲ ಅದಕ್ಕೆ ಜೋಡಿಸಿದೆ. 2024ರಿಂದ ಪಹಣಿಗೆ ಆಧಾರ್ ಜೋಡಿಸುವ ಕೆಲಸವೂ ದೊಡ್ಡದಾಗಿ ನಡೆಯಿತು. ಆಗ ಎಲ್ಲರ ಕಣ್ಣಿಗೂ ಬಿದ್ದದ್ದು ನನಗೆ ಮೊದಲೇ ಗೊತ್ತಿತ್ತು: ಲಕ್ಷಗಟ್ಟಲೆ ಪಹಣಿಗಳು ಸತ್ತವರ ಹೆಸರಿನಲ್ಲಿವೆ.

ನಮ್ಮ ಮನೆಯ ಪಹಣಿ

ನಮ್ಮದು ನಾಗಮಂಗಲ ತಾಲ್ಲೂಕು. ಅಪ್ಪ 2009ರಲ್ಲಿ ಹೋದರು. ಪಹಣಿ ತಾತನ ಹೆಸರಿನಲ್ಲೇ ಇತ್ತು, ಮೂರು ಹೊಲಗಳಲ್ಲಿ ಮೂರು ಕಾಗುಣಿತ. ಅಣ್ಣ ಊರಲ್ಲಿದ್ದು ಉಳುತ್ತಾನೆ. ಬೆಳೆ ಪರಿಹಾರ ಬಂದಾಗಲೆಲ್ಲ ತಾತನ ಹೆಸರಿಗೆ ಬಂದು ನಿಲ್ಲುತ್ತಿತ್ತು. ಕೆಲವು ವರ್ಷದ ಕೆಳಗೆ ಪೌತಿ ಖಾತೆ ಮಾಡಿಸೋಣ ಎಂದು ಅಣ್ಣ ಹೊರಟ. ಅದಕ್ಕೆ ವಂಶವೃಕ್ಷ ಬೇಕು. ಕರಡು ಬರೆಸಿ ವಾಟ್ಸಾಪಿನಲ್ಲಿ ಕಳಿಸಿದ. ಇಲ್ಲಿ ಸ್ಯಾನ್ ರಮೋನಿನ ಅಡುಗೆಮನೆಯಲ್ಲಿ ನಿಂತು ನೋಡಿದೆ. ತಾತ, ಅಪ್ಪ, ಅಣ್ಣ, ನಾನು. ಕಾಗುಣಿತ ಸರಿಯಾಗಿತ್ತು. ಸರಿ ಇದೆ ಎಂದು ಬರೆಯುವುದರಲ್ಲಿದ್ದೆ. ನನ್ನ ಹೆಂಡತಿ ಹೆಗಲ ಮೇಲಿಂದ ಇಣುಕಿ ಕೇಳಿದಳು: “ಅತ್ತಿಗೆ ಹೆಸರೆಲ್ಲಿ?”

ನನ್ನ ಅಕ್ಕನ ಹೆಸರಿರಲಿಲ್ಲ. ಕೆಲಸದಲ್ಲಿ ಹುಡುಗರ ಡಿಸೈನ್ ನೋಡುವಾಗ, ಇಲ್ಲಿ ಯಾವ ಸಾಲು ಬಿಟ್ಟುಹೋಗಿದೆ ಎಂದು ದಿನಾ ಕೇಳುವವನು ನಾನು. ನನ್ನ ಮನೆಯ ಮರದಲ್ಲಿ ಒಂದು ಕೊಂಬೆ ಇಲ್ಲದ್ದು ಕಾಣಲಿಲ್ಲ. ಅಣ್ಣನಿಗೆ ಫೋನ್ ಮಾಡಿದೆ. “ಅವಳ ಮದುವೆ ಎಂದೋ ಆಗೈತೆ. ಬೇಕಾದ್ರೆ ಹಕ್ಕು ಬಿಡುಗಡೆ ಪತ್ರಕ್ಕೆ ಒಂದು ಸೈನ್ ಹಾಕಿಸ್ಕೊಂಡ್ರೆ ಆಯ್ತು ಕಣಪ್ಪ” ಅಂದ. ಅಕ್ಕನ ಮದುವೆ 1991ರಲ್ಲಿ. ಕರ್ನಾಟಕ 1994ರಲ್ಲೇ, ದೇಶಕ್ಕಿಂತ ಮೊದಲೇ, ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಬಿಟ್ಟಿತು. 2005ರ ಕೇಂದ್ರದ ತಿದ್ದುಪಡಿ ಆ ಬೇಲಿಯನ್ನು ತೆಗೆಯಿತು. ಕಾಯಿದೆ ಕಾಲಂ ತೆರೆದು ಎಷ್ಟೋ ವರ್ಷವಾಗಿತ್ತು. ಅದರಲ್ಲಿ ಹೆಸರು ಬರೆಯಬೇಕಾದವರು ನಾವು ಬರೆದಿರಲಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. ಅವಳು ಬೈಯಲಿಲ್ಲ. “ನಾನು ಬೇಡ ಅಂತಲೇ ಅಂದಿರಬಹುದಿತ್ತು ಕಣೋ. ಆದ್ರೆ ನೀವು ಕೇಳ್ಬೇಕಿತ್ತಲ್ಲ” ಅಂದಳು. ಇಪ್ಪತ್ತೈದು ವರ್ಷದ ಕಸುಬು ಕಲಿಸದ್ದನ್ನು ಆ ಒಂದು ಮಾತು ಕಲಿಸಿತು. ಇಲ್ಲದ ಸಾಲಿನ ಬಗ್ಗೆ ಯಾವ ನಾರ್ಮಲ್ ಫಾರಂ ಕೂಡ ದೂರು ಕೊಡುವುದಿಲ್ಲ. ಟೇಬಲ್ಲು ನಿಯಮಕ್ಕೆ ಸರಿಯಾಗಿಯೇ ಇರುತ್ತದೆ, ಮನುಷ್ಯರು ಮಾತ್ರ ಅದರಲ್ಲಿ ಇರುವುದಿಲ್ಲ. ಈ ಕಣಿವೆಯ ಮೊದಲ ಜನರ ಮಾತು ಆಗ ಹೇಳಿದ್ದು ಇದಕ್ಕೇ.

ವಂಶವೃಕ್ಷ ಬದಲಾಯಿಸಿದೆವು. ಅಣ್ಣ ಒಂದು ವರ್ಷ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಉಳುವವನು ಅವನು, ಬೆವರು ಅವನದು. ಡಾಲರಿನಲ್ಲಿ ಕೂತವನು ನ್ಯಾಯ ಹೇಳಿದ ಎಂದು ಅವನಿಗೆ ಅನ್ನಿಸಿದ್ದರಲ್ಲಿ ತಪ್ಪೂ ಇಲ್ಲ. 12ನೇ ಕಾಲಂನಲ್ಲಿ ಅವನೊಬ್ಬನ ಹೆಸರೇ ಇದೆ, ಇರಬೇಕಾದದ್ದೂ ಅದೇ. ಒಡೆತನ ಬೇರೆ ಸಂಗತಿ, ಉಳುಮೆ ಬೇರೆ ಸಂಗತಿ. ಎರಡನ್ನೂ ಬೇರೆಬೇರೆ ಬರೆದಿಟ್ಟರೆ ಇಬ್ಬರಿಗೂ ನ್ಯಾಯ ಹೇಳಬಹುದು. ಅವನ ಹತ್ತಿರ ಕೂತು ಇದನ್ನೇ ನಿಧಾನವಾಗಿ ಹೇಳಿದ ಮೇಲೆ ಸಮಾಧಾನವಾಯಿತು.

ಕೊನೆಗೆ ನಿಮ್ಮಲ್ಲಿ ಮೂರು ವಿನಂತಿ. ಮುಂದಿನ ಸಲ ಊರಿಗೆ ಹೋದಾಗ ನಾಡಕಚೇರಿಗೆ ಹೋಗಿ ನಿಮ್ಮ ಮನೆಯ ಪಹಣಿ ತೆಗೆಸಿ ಓದಿ. 9ನೇ ಕಾಲಂ ನೋಡಿ, ಇಲ್ಲದವರ ಹೆಸರಿದ್ದರೆ ಪೌತಿ ಖಾತೆ ಮಾಡಿಸಿ. ವಿಸ್ತೀರ್ಣವನ್ನು ಆಕಾರಬಂದಿನ ಜೊತೆ ತಾಳೆ ನೋಡಿ. ಎರಡನೆಯದು, ಅಪ್ಪ ಅಮ್ಮ ಇರುವಾಗಲೇ ಅವರನ್ನು ಕೂರಿಸಿಕೊಂಡು ಯಾವ ಹೊಲ ಎಲ್ಲಿಂದ ಬಂತು, ಯಾರು ಉಳುತ್ತಿದ್ದರು ಎಂದು ಕೇಳಿ ಬರೆದಿಡಿ. ಅದು ಯಾವ ಸರ್ವರಿನಲ್ಲೂ ಸಿಗುವುದಿಲ್ಲ. ಮೂರನೆಯದು ನನ್ನ ಕಸುಬಿನವರಿಗೆ. ಹೊಸ ಟೇಬಲ್ ಬರೆಯುವಾಗ ಕೀ ಯಾವುದು ಎಂದು ಕೇಳುವುದರ ಜೊತೆಗೆ, ಇದರಲ್ಲಿ ಯಾರಿಗೆ ಸಾಲು ಇಲ್ಲ ಎಂದೂ ಕೇಳಿ.

ಈಗ ನಮ್ಮ ಪಹಣಿಯ 9ನೇ ಕಾಲಂನಲ್ಲಿ ಮೂವರ ಹೆಸರಿದೆ, ಜಂಟಿಯಾಗಿ. ಪೋಡಿ ಇನ್ನೂ ಆಗಿಲ್ಲ, ಅರ್ಜಿ ಹಾಕಿದ್ದೇವೆ. ಒಂದು ಮನೆಯಲ್ಲಿ ಒಂದೇ ಹೆಸರಿರಬೇಕು ಎಂಬ ಮೊದಲ ನಿಯಮಕ್ಕೆ ಇದು ವಿರುದ್ಧವಲ್ಲವೇ ಎಂದು ನೀವು ಕೇಳಬಹುದು. ವಿರುದ್ಧವೇ. ಆದರೂ ಆ ಹಾಳೆಯನ್ನು ಚೌಕಟ್ಟು ಹಾಕಿಸಿ ಮನೆಯಲ್ಲಿ ಇಟ್ಟುಕೊಂಡಿದ್ದೇನೆ.